ಎರಡನೆಯ ಮೂಲ

ಡಿರಾಕ್ ಸಮೀಕರಣವನ್ನು ಓದಿ ತಿಳಿಯುವುದಕ್ಕಿಂತ ಕೈಯಾರೆ ಬಿಡಿಸುವುದರಲ್ಲಿ ಹೆಚ್ಚು ಸುಖವಿದೆ. ನಮ್ಮ ಕಡೆಯ ಶಹಾಬಾದ್ ಫರ್ಸಿ ಅದಕ್ಕೆ ಒಳ್ಳೆಯ ಹಲಗೆ: ಸೀಮೆಸುಣ್ಣದ ಗೆರೆ ನಿಚ್ಚಳವಾಗಿ ಮೂಡುತ್ತದೆ, ಅಳಿಸಲು ಒದ್ದೆ ಬಟ್ಟೆ ಸಾಕು.

ಮೊದಲ ಸಾಲು ಸಾಪೇಕ್ಷತೆಯದು. ಬೆಳಕಿನ ವೇಗವನ್ನು 1 ಎಂದಿಟ್ಟುಕೊಂಡರೆ, ಶಕ್ತಿಯ ವರ್ಗವು ಸಂವೇಗದ ವರ್ಗ ಮತ್ತು ದ್ರವ್ಯರಾಶಿಯ ವರ್ಗಗಳ ಮೊತ್ತ. ನಮಗೆ ಬೇಕಾದದ್ದು ಶಕ್ತಿ, ಅದರ ವರ್ಗವಲ್ಲ. 1928ರಲ್ಲಿ ಪಾಲ್ ಡಿರಾಕ್ ವರ್ಗಮೂಲವನ್ನು ನೇರ ಮೊತ್ತವಾಗಿಯೇ ಬರೆದರು: ಸಂವೇಗಕ್ಕೆ ಆಲ್ಫಾ ಗುಣಕ, ದ್ರವ್ಯರಾಶಿಗೆ ಬೀಟಾ. ಇದನ್ನು ವರ್ಗ ಮಾಡಿದರೆ ಆಲ್ಫಾ-ಬೀಟಾ, ಬೀಟಾ-ಆಲ್ಫಾ ಎಂಬ ನಡುಪದಗಳು ಬರುತ್ತವೆ; ಅವು ಒಂದನ್ನೊಂದು ಕಳೆಯಬೇಕು. ಸಾಮಾನ್ಯ ಸಂಖ್ಯೆಗಳಿಂದ ಅದು ಆಗದು. ಕ್ರಮ ತಿರುಗಿಸಿ ಗುಣಿಸಿದರೆ ಚಿಹ್ನೆ ಬದಲಾಗುವ ಮಾತೃಕೆಗಳು ಬೇಕು, ಅದೂ ನಾಲ್ಕು: ಮೂರು ದಿಕ್ಕಿನ ಸಂವೇಗಕ್ಕೆ ಮೂರು, ದ್ರವ್ಯರಾಶಿಗೆ ಒಂದು. ಪೌಲಿಯ ಎರಡು ಸಾಲಿನ ಮಾತೃಕೆಗಳು ಮೂರಕ್ಕೇ ಮುಗಿಯುತ್ತವೆ. ನಾಲ್ಕನೆಯದು ಬೇಕೆಂದರೆ ನಾಲ್ಕು ಸಾಲು, ನಾಲ್ಕು ಕಂಬಸಾಲಿಗೆ ಏರಲೇಬೇಕು. ಆ ಏರುವ ಗಳಿಗೆ ಎಷ್ಟು ಸಲ ಬಂದರೂ ನನಗೆ ಸಾಲದು! ಎಲೆಕ್ಟ್ರಾನಿನ ಸ್ಪಿನ್ ಅಲ್ಲಿ ಕರೆಯದೆಯೇ ಬಂದು ಕೂರುತ್ತದೆ. ಜೊತೆಗೇ ಋಣಶಕ್ತಿಯೂ.

ಇಲ್ಲಿಗೆ ಬಂದಾಗಲೆಲ್ಲ ಮಳಖೇಡ ನೆನಪಾಗುತ್ತದೆ. ಸೇಡಂ ತಾಲ್ಲೂಕಿನ, ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಅದಕ್ಕೆ ಮೂಲವಿಲ್ಲ ಎಂದವರು. ಎಲ್ಲರೂ ನೆನೆಯುವುದು ಆ ಮಾತನ್ನೇ. ನನಗೆ ಪ್ರಿಯವಾದದ್ದು ಅದಕ್ಕೂ ಮೊದಲಿನ ನಿಯಮ: ಧನದ ವರ್ಗವೂ ಋಣದ ವರ್ಗವೂ ಧನವೇ, ಮೂಲಗಳು ಒಂದು ಧನ, ಒಂದು ಋಣ.

ಆ ಎರಡನೆಯ ಮೂಲವನ್ನು ಅರ್ಥವಿಲ್ಲದ್ದೆಂದು ಹೊಡೆದುಹಾಕುವುದು ಶಾಲೆಯಿಂದ ಬಂದ ರೂಢಿ. ಹಳೆಯ ಭೌತಶಾಸ್ತ್ರದಲ್ಲಿ ಅದು ನಡೆಯುತ್ತದೆ, ಧನಶಕ್ತಿಯ ಕಣ ಋಣಶಕ್ತಿಗೆ ಇಳಿಯಲು ನಡುವಿನ ಕಂದಕ ದಾಟಲಾರದು. ಕ್ವಾಂಟಂ ಕಣ ಜಿಗಿಯಬಲ್ಲದು. ಹಾಗಾಗಿ ಡಿರಾಕ್ ಅದನ್ನು ಉಳಿಸಿಕೊಂಡರು. ಋಣಶಕ್ತಿಯ ಮಟ್ಟಗಳೆಲ್ಲ ತುಂಬಿವೆ, ಅಲ್ಲಿನ ಖಾಲಿ ಜಾಗವೇ ಧನವಿದ್ಯುತ್ತಿನ ಕಣ ಎಂದರು. ಮೊದಲು ಅದನ್ನು ಪ್ರೋಟಾನ್ ಎಂದುಕೊಂಡರೂ, ದ್ರವ್ಯರಾಶಿ ಎಲೆಕ್ಟ್ರಾನಿನಷ್ಟೇ ಇರಬೇಕೆಂದು ಗಣಿತ ಹಟ ಹಿಡಿಯಿತು. 1931ರಲ್ಲಿ ಹೊಸ ಕಣವೆಂದೇ ಬರೆದರು. ಮರುವರ್ಷ ಕಾರ್ಲ್ ಆಂಡರ್ಸನ್ ತೆಗೆದ ಚಿತ್ರದಲ್ಲಿ, ಸೀಸದ ತಗಡು ತೂರಿ ಎಲೆಕ್ಟ್ರಾನಿಗೆ ವಿರುದ್ಧವಾಗಿ ಬಾಗಿದ ಗೆರೆಯಾಗಿ ಪಾಸಿಟ್ರಾನ್ ಸಿಕ್ಕಿತು.

ಇಂದು ಪೆಟ್ ಸ್ಕ್ಯಾನ್ ಯಂತ್ರ ಹುಡುಕುವುದು ಅದರ ಗುರುತನ್ನೇ. ರೋಗಿಯ ದೇಹದಲ್ಲಿ ಪಾಸಿಟ್ರಾನ್ ಎಲೆಕ್ಟ್ರಾನನ್ನು ಕೂಡಿ ಎರಡೂ ಅಳಿದಾಗ, ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿ ನೋಡಿ, ಬರುವುದೂ ಅದೇ 511.