ನೆನಪು ಸಾಲದು

ಮರೆವು ಮನುಷ್ಯನಿಗೆ ಸಹಜವೆಂದೂ ಯಂತ್ರಕ್ಕೆ ಅದರ ಬಾಧೆಯಿಲ್ಲವೆಂದೂ ನಾನು ಬಹುಕಾಲ ನಂಬಿದ್ದೆನು. ಆ ನಂಬಿಕೆ ಸಡಿಲಿದುದು ೧೯೯೩ನೆಯ ಇಸವಿಯ ಒಂದು ಸಂಜೆ.

ನಮ್ಮ ತಂದೆಯವರಿಗೆ ಆಗ ಎಪ್ಪತ್ತೊಂಬತ್ತು ವರ್ಷ. ಅವರು ತಮ್ಮ ಬಾಲ್ಯದ ಸಂಗತಿಗಳನ್ನು ಹೇಳುವುದು, ಯಾರೋ ಬಳಸಿ ಬಿಟ್ಟಿದ್ದುದನ್ನು ನಾನು ಕೊಂಡು ತಂದಿದ್ದ ಗಣಕಯಂತ್ರದಲ್ಲಿ ಅವನ್ನು ಬರೆದುಕೊಳ್ಳುವುದು ಎಂದು ಏರ್ಪಾಡಾಗಿದ್ದಿತು. ಆ ಸಂಜೆ ೧೯೨೪ರ ಕಾವೇರಿಯ ಮಹಾಪ್ರವಾಹದ ಪ್ರಸ್ತಾಪ. ಹತ್ತು ವರ್ಷದ ಬಾಲಕರಾಗಿದ್ದ ಅವರನ್ನೂ ನಮ್ಮ ಅಜ್ಜಿಯನ್ನೂ ಒಬ್ಬ ಅಂಬಿಗನು ಹರಿಗೋಲಿನಲ್ಲಿ ಕೂರಿಸಿ ದಡ ಸೇರಿಸಿದನಂತೆ. "ಅವನ ಹೆಸರನ್ನು ತಪ್ಪದೆ ಬರೆ, ಮಗು" ಎಂದು ಅವರು ಪೀಠಿಕೆ ಹಾಕುವಷ್ಟರಲ್ಲಿಯೇ, ಮೆಮೊರಿ ಸಾಲದೆಂಬ ಇಂಗ್ಲಿಷ್ ವಾಕ್ಯವೊಂದು ತೆರೆಯ ಮೇಲೆ ಮೂಡಿ ಯಂತ್ರ ನಿಂತುಬಿಟ್ಟಿತು. ಅದರ ಅರ್ಥವನ್ನು ತಿಳಿಸಲು, ತಂದೆಯವರು ನಕ್ಕು, "ಪಾಪ, ಅದಕ್ಕೂ ನನ್ನಷ್ಟೇ ವಯಸ್ಸಾಯಿತೇನೋ!" ಎಂದರು. "ಇದನ್ನು ಸರಿಪಡಿಸಿ ಮುಂದುವರಿಸೋಣ, ಅಣ್ಣ" ಎಂದೆನು.

ಯಂತ್ರದಲ್ಲಿ ೨ ಮೆಗಾಬೈಟ್ ಮೆಮೊರಿ ಇದ್ದಿತು. ಇದ್ದೂ ಸಾಲದೇಕೆ? ವಿಚಾರಿಸಲಾಗಿ ತಿಳಿದುದಿಷ್ಟು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಪಿ.ಸಿ.ಯಲ್ಲಿದ್ದುದು ಇಂಟೆಲ್ ೮೦೮೮ ಎಂಬ ಚಿಪ್. ಮೆಮೊರಿಯ ಮನೆಗಳ ವಿಳಾಸವನ್ನು ಸೂಚಿಸಲು ಅದಕ್ಕೆ ೨೦ ತಂತಿಗಳು ಮಾತ್ರ. ಒಂದೊಂದು ತಂತಿಗೂ ಎರಡೇ ಸ್ಥಿತಿಗಳಾದುದರಿಂದ, ೧೦,೪೮,೫೭೬ ಮನೆಗಳಿಗಿಂತ ಹೆಚ್ಚನ್ನು ಅದು ಗುರುತಿಸಲಾರದು. ಇದೇ ಒಂದು ಮೆಗಾಬೈಟ್. ಇದರ ಮೇಲ್ಭಾಗದ ೩೮೪ ಕಿಲೋಬೈಟ್‌ಗಳನ್ನು ತೆರೆಯ ಚಿತ್ರಕ್ಕೂ ಯಂತ್ರದ ಸ್ಥಿರ ಆದೇಶಗಳಿಗೂ ಮೀಸಲಿಟ್ಟರು. ಉಳಿದ ೬೪೦ ಕಿಲೋಬೈಟ್ ನಮ್ಮ ಕೆಲಸಗಳಿಗೆ. ಮೊದಲ ಯಂತ್ರಗಳು ೧೬ ಕಿಲೋಬೈಟ್‌ನಿಂದಲೇ ಮಾರಾಟಕ್ಕೆ ಬಂದಿದ್ದುವಾದಕಾರಣ, ೬೪೦ ಎಂಬುದು ಆಗ ಐಶ್ವರ್ಯವೇ ಸರಿ. ೧೯೮೨ರ ೮೦೨೮೬ ಚಿಪ್ ೧೬ ಮೆಗಾಬೈಟ್‌ವರೆಗೂ ಗುರುತಿಸಬಲ್ಲುದಾಗಿದ್ದರೂ, ಹಳೆಯ ಪ್ರೋಗ್ರಾಂಗಳು ಕೆಡದೆ ನಡೆಯಬೇಕೆಂದು ಡಾಸ್ ಹಿಂದಿನ ಎಲ್ಲೆಯನ್ನೇ ಉಳಿಸಿಕೊಂಡಿತು. ನನ್ನ ಯಂತ್ರದಲ್ಲಿ ಡಾಸ್, ಕನ್ನಡ ಅಕ್ಷರಗಳ ಪ್ರೋಗ್ರಾಂ, ಬರವಣಿಗೆಯ ಪ್ರೋಗ್ರಾಂ ಎಲ್ಲವೂ ಆ ೬೪೦ರೊಳಗೇ ಒತ್ತಿಕೊಂಡು ಕುಳಿತಿದ್ದುವು. ಮಿಕ್ಕ ಮೆಮೊರಿ ಬೀಗ ಹಾಕಿದ ಕೋಣೆಯಂತೆ ಬರಿದಾಗಿದ್ದಿತು.

೧೯೯೧ರಲ್ಲಿ ಬಂದ ಡಾಸ್ ೫ರಲ್ಲಿ ಇದಕ್ಕೊಂದು ಉಪಾಯವಿದ್ದಿತು. ಕಾನ್ಫಿಗ್ ಎಂಬ ಕಡತದಲ್ಲಿ ಎರಡು ಸಾಲು ಬರೆದರೆ, ಡಾಸ್ ತನ್ನ ಬಹುಭಾಗವನ್ನು ಒಂದು ಮೆಗಾಬೈಟ್‌ನ ಆಚೆಗೆ ಸಾಗಿಸಿ ಸ್ಥಳ ತೆರವು ಮಾಡುವುದು. ಬಲ್ಲವರನ್ನು ಹುಡುಕಿ, ಅದನ್ನು ತರಿಸಿ, ಆ ಎರಡು ಸಾಲನ್ನು ಕಲಿಯಲು ನನಗೆ ಐದು ವಾರ ಹಿಡಿಯಿತು.

ನಾಲ್ಕನೆಯ ವಾರದಲ್ಲಿ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತೂ ಕೊಂಚ ಮರಳಿತು. ಯಂತ್ರ ಸರಿಹೋದ ಬಳಿಕ ಅವರ ಪಕ್ಕದಲ್ಲಿ ಕುಳಿತು ಅಂಬಿಗನ ಹೆಸರನ್ನು ಕೇಳಿದೆನು. ಬಹಳ ಹೊತ್ತು ಯೋಚಿಸಿ, "ದೊಡ್ಡ ಮನುಷ್ಯ" ಎಂದಷ್ಟೇ ಹೇಳಿದರು.

ಆ ಐದು ವಾರವೂ ಮೇಜಿನ ಮೇಲೆ ಲೇಖನಿಯಿದ್ದಿತು, ಕಾಗದವಿದ್ದಿತು. ಡಾಸ್ ವಿಷಯದ ಟಿಪ್ಪಣಿಗಳನ್ನು ನಾನು ಬರೆದುಕೊಂಡುದು ಆ ಕಾಗದದ ಮೇಲೆಯೇ.

ಈಗ ನಾನು ಬರೆಯುತ್ತಿರುವ ಯಂತ್ರದಲ್ಲಿ ೮ ಗಿಗಾಬೈಟ್ ಮೆಮೊರಿ ಇದೆ. ಆ ೬೪೦ ಕಿಲೋಬೈಟ್‌ನ ಹದಿಮೂರು ಸಾವಿರದಷ್ಟಕ್ಕೂ ಹೆಚ್ಚು. ಅಂಬಿಗನ ಹೆಸರಿಗೆ ಅದರಲ್ಲಿ ಬೇಕಾದಷ್ಟು ಸ್ಥಳವುಂಟು, ಹೇಳುವವರಿಲ್ಲ. ವಾಚಕರ ಮನೆಗಳಲ್ಲಿ ಹಿರಿಯರಿದ್ದರೆ, ಅವರು ಹೇಳಿದುದನ್ನು ಕೈಗೆ ಸಿಕ್ಕಿದ ಕಾಗದದ ಮೇಲೆ ಅಂದೇ ಬರೆದಿಡಲಿ ಎಂದಷ್ಟೇ ನನ್ನ ಬಿನ್ನಹ.