ಕತ್ತಿ ಗೆದ್ದ ಕಥೆ, ಸಿಡುಬು ಗೆದ್ದ ಊರು

ಸಾಹಸದ ಕಾದಂಬರಿಯೊಂದನ್ನು ಓದಿ ಮುಗಿಸಿದ ಮಕ್ಕಳು ಪುಸ್ತಕ ಮುಚ್ಚುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: ‘ಅಪ್ಪಾ, ಇದೆಲ್ಲ ನಿಜವಾಗಿ ನಡೆದದ್ದಾ?’ ಕೆಲಸದ ಅವಸರದಲ್ಲಿರುವ ತಂದೆ, ‘ಕಥೆ ಅಂದ್ಮೇಲೆ ಕಥೆ. ಹೋಗಿ ಪಾಠ ಓದ್ಕೋ’ ಎಂದುಬಿಡುತ್ತಾರೆ. ಆದರೆ ಈ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದ್ದಲ್ಲ. ಸ್ಪೇನಿನವರು ಮೆಕ್ಸಿಕೋ ದೇಶವನ್ನು ಗೆದ್ದ ಕಾಲದ ಕಾದಂಬರಿಗಳ ಮಟ್ಟಿಗಂತೂ ಅದಕ್ಕೆ ಉತ್ತರ ಪುಸ್ತಕದ ಒಳಗೆ ಸ್ವಲ್ಪ, ಹೊರಗೆ ಬಹಳಷ್ಟು ಇದೆ.

ಈ ವಿಜಯದ ಸುತ್ತ ಹುಟ್ಟಿದ ಕಾದಂಬರಿಗಳು ಕಡಿಮೆಯೇನಲ್ಲ. ಅಮೆರಿಕದ ಲ್ಯೂ ವ್ಯಾಲೇಸ್ 1873ರಲ್ಲಿ ‘ದ ಫೇರ್ ಗಾಡ್’ ಬರೆದರು. ಇಂಗ್ಲೆಂಡಿನ ಜಿ.ಎ. ಹೆಂಟಿ 1891ರಲ್ಲಿ ಹುಡುಗರಿಗಾಗಿಯೇ ‘ಬೈ ರೈಟ್ ಆಫ್ ಕಾಂಕ್ವೆಸ್ಟ್’ ಬರೆದರು. 1945ರಲ್ಲಿ ಸ್ಯಾಮ್ಯುಯೆಲ್ ಶೆಲ್ಲಬಾರ್ಗರ್ ಬರೆದ ‘ಕ್ಯಾಪ್ಟನ್ ಫ್ರಂ ಕ್ಯಾಸ್ಟೈಲ್’ ಎರಡೇ ವರ್ಷದಲ್ಲಿ ಸಿನಿಮಾ ಕೂಡ ಆಯಿತು. ಸಮುದ್ರ ದಾಟುವ ತರುಣ, ಚಿನ್ನದ ಆಸೆ, ಕತ್ತಿಯ ಕಾಳಗ, ಒಬ್ಬ ಚೆಲುವೆಯ ಪ್ರೀತಿ, ಇವು ಈ ಬಗೆಯ ಕಥೆಗಳ ಬಂಡವಾಳ.

ಇವುಗಳ ಸಾಲಿನಲ್ಲೇ ನಿಲ್ಲುವ ಕೃತಿ ಹೆನ್ರಿ ರೈಡರ್ ಹ್ಯಾಗರ್ಡ್ ಅವರ ‘ಮಾಂಟೆಜುಮಾಸ್ ಡಾಟರ್’. ಪ್ರಕಟವಾದದ್ದು 1893ರಲ್ಲಿ. ತಾಯಿಯನ್ನು ಕೊಂದ ಸ್ಪೇನಿನವನ ಬೆನ್ನು ಹತ್ತಿ ಹೊರಟ ಥಾಮಸ್ ವಿಂಗ್‌ಫೀಲ್ಡ್ ಎಂಬ ಇಂಗ್ಲಿಷ್ ತರುಣ ಮೆಕ್ಸಿಕೋ ಸೇರುತ್ತಾನೆ. ಅಲ್ಲಿನ ಆಸ್ಟೆಕ್ ದೊರೆ ಮಾಂಟೆಜುಮನ ಮಗಳು ಒಟೊಮಿಯ ಕೈ ಹಿಡಿಯುತ್ತಾನೆ. ಅವಳ ಜನರ ಪರವಾಗಿ ಸ್ಪೇನಿನವರ ವಿರುದ್ಧವೇ ಕಾದುತ್ತಾನೆ. ಗುಪ್ತನಿಧಿಯ ಗುಟ್ಟು ಬಿಟ್ಟುಕೊಡದೆ ಚಿತ್ರಹಿಂಸೆ ತಾಳಿಕೊಳ್ಳುತ್ತಾನೆ. ಓದುವ ಹುಡುಗ ಊಟಕ್ಕೆ ಕರೆದರೂ ಏಳಲಾರ.

ಇನ್ನು ಪುಸ್ತಕದ ಹೊರಗಿನ ಕಥೆ. ಆ ಗುಪ್ತನಿಧಿಯನ್ನು ಲೇಖಕರು ಬರೀ ಕಲ್ಪಿಸಿಕೊಂಡು ಕೂತವರಲ್ಲ. ಆಸ್ಟೆಕ್ ದೊರೆಗಳ ಹೂತಿಟ್ಟ ಚಿನ್ನ ಇನ್ನೂ ಅಲ್ಲೇ ಇದೆ ಎಂಬ ಸುದ್ದಿಯನ್ನು ಗೆಳೆಯನಿಂದ ಕೇಳಿ, 1891ರ ಆರಂಭದಲ್ಲಿ ಅವರು ಹೆಂಡತಿಯೊಡನೆ ಮೆಕ್ಸಿಕೋಗೆ ಹೋದರು. ಒಬ್ಬನೇ ಮಗ ಜಾಕ್‌ನನ್ನು ಇಂಗ್ಲೆಂಡಿನಲ್ಲಿ ಸ್ನೇಹಿತರ ಮನೆಯಲ್ಲಿ ಬಿಟ್ಟಿದ್ದರು. ಅವನಿಗೆ ಒಂಬತ್ತು ವರ್ಷ. ದಂಪತಿಗಳು ಮೆಕ್ಸಿಕೋ ನಗರದಲ್ಲಿರುವಾಗಲೇ ಸುದ್ದಿ ಬಂತು: ಹುಡುಗನಿಗೆ ದಡಾರ ತಗುಲಿ, ಅದು ಉಲ್ಬಣಿಸಿ, ಅವನು ತೀರಿಕೊಂಡಿದ್ದ.

ನಿಧಿಯ ಮಾತು ಅಲ್ಲಿಗೇ ನಿಂತಿತು. ಹ್ಯಾಗರ್ಡ್ ಮುರಿದುಹೋದರು. ಮುಂದೆ ಮನೆಯಲ್ಲಿ ಆ ಮಗನ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಆಮೇಲೆ ಬರೆದ ಈ ಕಾದಂಬರಿಯಲ್ಲಿ ನಾಯಕ ತನ್ನ ಮಕ್ಕಳನ್ನು ಕಳೆದುಕೊಳ್ಳುತ್ತಾನೆ. ಆ ಪುಟಗಳ ದುಃಖ ಕಟ್ಟುಕಥೆಯದಲ್ಲ; ಮಗನನ್ನು ಮಣ್ಣಿಗಿಡುವಾಗಲೂ ಹತ್ತಿರವಿರಲಾಗದ ತಂದೆಯದು. ‘ಇದು ನಿಜವಾ?’ ಎಂದು ಕೇಳಿದ ಮಗುವಿಗೆ ಈ ಭಾಗವನ್ನು ತೋರಿಸಿ, ‘ಹೌದು, ಇದು ನಿಜ’ ಎನ್ನಬಹುದು.

ಹಾಗಾದರೆ ಯುದ್ಧ? ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ಪೇನಿನ ಹೆರ್ನಾನ್ ಕೊರ್ಟೆಸ್ 1519ರಲ್ಲಿ ಮೆಕ್ಸಿಕೋ ತೀರದಲ್ಲಿ ಇಳಿದಾಗ ಅವನ ಬಳಿ ಇದ್ದದ್ದು ಸುಮಾರು 500 ಸೈನಿಕರು, 16 ಕುದುರೆಗಳು. ಎದುರಿಗಿದ್ದದ್ದು ಸರೋವರದ ನಡುವೆ ಕಟ್ಟಿದ, ಲಕ್ಷಕ್ಕೂ ಮೀರಿ ಜನರಿದ್ದ ಟೆನೊಚ್‌ಟಿಟ್ಲಾನ್ ನಗರ. ಇಷ್ಟು ಸಣ್ಣ ದಂಡು ಅಷ್ಟು ದೊಡ್ಡ ರಾಜ್ಯವನ್ನು ಕೆಡವಿತೆಂದರೆ ಕತ್ತಿ, ಕುದುರೆ, ಧೈರ್ಯಗಳೇ ಕಾರಣವಿರಬೇಕು ಎಂದು ಸಾಹಸ ಕಥೆಗಳು ನಂಬಿಸುತ್ತವೆ. ಆದರೆ 1520ರ ಜೂನ್ 30ರ ರಾತ್ರಿ ಅದೇ ಸ್ಪೇನಿನವರನ್ನು ಆಸ್ಟೆಕ್ ಜನ ನಗರದಿಂದ ಹೊಡೆದೋಡಿಸಿದ್ದರು. ನೂರಾರು ಮಂದಿ ಸತ್ತರು. ಕತ್ತಿಯೂ ಇತ್ತು, ಕುದುರೆಯೂ ಇತ್ತು. ಗೆಲುವು ಮಾತ್ರ ಇರಲಿಲ್ಲ.

ಮರುವರ್ಷ ಆಗಸ್ಟ್ 13ರಂದು ನಗರ ಬಿತ್ತು. ನಡುವೆ ಆದದ್ದೇನು? ಆಸ್ಟೆಕರ ಮೇಲೆ ಹಳೆಯ ಹಗೆ ಇದ್ದ ತ್ಲಾಸ್ಕಲಾ ನಾಡಿನವರೇ ಮೊದಲಾದ ಸ್ಥಳೀಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಕೊರ್ಟೆಸನ ಜೊತೆಗೆ ನಿಂತು ಹೋರಾಡಿದರು. ಇನ್ನೊಂದು ಕಾರಣ ಯಾರ ಕಣ್ಣಿಗೂ ಕಾಣದ್ದು. 1520ರಲ್ಲಿ ಬಂದಿಳಿದ ಮತ್ತೊಂದು ಸ್ಪೇನಿನ ದಂಡಿನ ಜೊತೆ ಸಿಡುಬು ಬಂದಿತ್ತು. ಸಾವಿರಾರು ವರ್ಷ ಸಾಗರದಾಚೆ ಬೇರೆಯಾಗಿಯೇ ಬಾಳಿದ್ದ ಅಲ್ಲಿನ ಜನರಿಗೆ ಆ ರೋಗದ ಪರಿಚಯವೇ ಇರಲಿಲ್ಲ. ಚಿಕ್ಕಂದಿನಲ್ಲಿ ಸಿಡುಬು ಬಂದು ಬದುಕಿದವರಿಗೆ ಅದು ಮತ್ತೆ ಬರುವುದು ತೀರಾ ಅಪರೂಪ. ಸ್ಪೇನಿನವರಲ್ಲಿ ಹೆಚ್ಚಿನವರು ಹಾಗೆ ಬದುಕುಳಿದವರು. ಆಸ್ಟೆಕರಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಹೀಗಾಗಿ ಮನೆಯವರೆಲ್ಲ ಒಟ್ಟಿಗೇ ಮಲಗಿದರು. ನೀರು ತರಲು, ಜೋಳ ಬೀಸಲು ಜನರಿಲ್ಲದೆ ರೋಗದಿಂದ ಉಳಿದವರು ಹಸಿವಿನಿಂದ ಸತ್ತರು. ಮಾಂಟೆಜುಮನ ನಂತರ ಪಟ್ಟವೇರಿದ ಕ್ವಿಟ್ಲಾವಾಕ್ ಎಂಬ ದೊರೆ ಮೂರು ತಿಂಗಳು ತುಂಬುವ ಮುಂಚೆಯೇ ಸಿಡುಬಿಗೆ ಬಲಿಯಾದ. ಅಲ್ಲಿನ ಹಿರಿಯರಿಂದ ಕೇಳಿ ಪಾದ್ರಿ ಬೆರ್ನಾರ್ದಿನೊ ದೆ ಸಹಗುನ್ ಸಿದ್ಧಪಡಿಸಿದ ಗ್ರಂಥದಲ್ಲಿ, ಮೈತುಂಬ ಬೊಕ್ಕೆಗಳೆದ್ದು ಚಾಪೆಯ ಮೇಲೆ ಮಲಗಿದವರ ಚಿತ್ರ ಇಂದಿಗೂ ಇದೆ.

ಕಾದಂಬರಿಯಲ್ಲಿ ಕತ್ತಿಗೆ ಅಧ್ಯಾಯಗಟ್ಟಲೆ ಜಾಗ. ಸಿಡುಬಿಗೆ ಸಿಕ್ಕರೆ ನಾಲ್ಕು ಸಾಲು. ಇದಕ್ಕೆ ಲೇಖಕರನ್ನು ದೂರಿ ಫಲವಿಲ್ಲ. ವೈರಾಣುವಿಗೆ ಮುಖವಿಲ್ಲ, ಮಾತಿಲ್ಲ. ಅದರೊಡನೆ ನಾಯಕ ಕತ್ತಿ ಹಿರಿದು ನಿಲ್ಲಲಾರ. ಆದರೂ ಇಂಥ ರೋಗವೊಂದು ತಮ್ಮ ಮನೆಯ ದೀಪವನ್ನೇ ಆರಿಸಿದ ಮೇಲೆ ಹ್ಯಾಗರ್ಡ್ ಆ ಪುಸ್ತಕ ಬರೆದರು ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಈ ಕಥೆಗೆ ಇನ್ನೊಂದು ತುದಿಯೂ ಇದೆ. ಸಿಡುಬು ಹೋದ ಕಡಲದಾರಿಯಲ್ಲೇ 1803ರಲ್ಲಿ ಸ್ಪೇನಿನಿಂದ ಒಂದು ಹಡಗು ಹೊರಟಿತು. ಅದರಲ್ಲಿ ವೈದ್ಯ ಫ್ರಾನ್ಸಿಸ್ಕೊ ಬಾಲ್ಮಿಸ್, ಇಸಬೆಲ್ ಸೆಂದಾಲ್ ಎಂಬ ದಾದಿ ಮತ್ತು 22 ಮಂದಿ ಹುಡುಗರು. ಎಡ್ವರ್ಡ್ ಜೆನ್ನರ್ 1796ರಲ್ಲಿ ತೋರಿಸಿಕೊಟ್ಟ ಲಸಿಕೆಯನ್ನು ತಂಪಾಗಿಡುವ ಪೆಟ್ಟಿಗೆ ಆಗ ಇರಲಿಲ್ಲ. ಹುಡುಗರ ತೋಳುಗಳೇ ಪೆಟ್ಟಿಗೆ. ಒಬ್ಬನ ತೋಳಿನ ಬೊಕ್ಕೆಯಿಂದ ರಸ ತೆಗೆದು ಮುಂದಿನವನ ತೋಳಿಗೆ ಹಾಕುತ್ತ, ಲಸಿಕೆ ಸಾಯದಂತೆ ಸಾಗರ ದಾಟಿಸಿದರು. ಆ ಹುಡುಗರು ಹೆಚ್ಚಾಗಿ ಅನಾಥರು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ಅದನ್ನೂ ಮರೆಯಬಾರದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಸಾರಿತು. ಜಾಕ್‌ನನ್ನು ಒಯ್ದ ದಡಾರಕ್ಕೆ ನಮ್ಮ ದೇಶದಲ್ಲಿ ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಲಸಿಕೆ ಹಾಕುತ್ತಾರೆ.

ಆದ್ದರಿಂದ ಮಕ್ಕಳ ಕೈಯಿಂದ ಕಾದಂಬರಿ ಕಿತ್ತುಕೊಳ್ಳಬೇಕಾಗಿಲ್ಲ. ಒಟೊಮಿಗಾಗಿ ಅಳಲಿ, ಕತ್ತಿಯ ಕಾಳಗಕ್ಕೆ ಮೈನವಿರೇಳಲಿ. ‘ಇದು ನಿಜವಾ?’ ಎಂದಾಗ ತಂದೆತಾಯಿ ಹತ್ತು ನಿಮಿಷ ಜೊತೆಗೆ ಕೂತು, ‘ಇದರಲ್ಲಿ ಯಾವುದನ್ನು ಹೇಳಿಲ್ಲ, ಹುಡುಕೋಣ ಬಾ’ ಎಂದರೆ ಸಾಕು. ಚರಿತ್ರೆಯ ಪಾಠವೂ ವಿಜ್ಞಾನದ ಪಾಠವೂ ಅಲ್ಲಿಂದಲೇ ಆರಂಭವಾಗುತ್ತವೆ.