ಮೂರು ಮುಖದ ಯಂತ್ರ

ಮೈಸೂರು ರಸ್ತೆಯ ಆಚೆಗಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದಾಗ ನಾನೊಂದು ಯಂತ್ರ ಹಾಕಿಸಿದೆ. ಪಂಚಿಂಗ್ ಮಷೀನಿನ ಪಕ್ಕದಲ್ಲೇ ಅದರ ಜಾಗ. ಅದರಲ್ಲಿ ಮೂರು ಗುಂಡಿ: ಹಸಿರು ನಗುಮುಖ, ಹಳದಿ ಸಪ್ಪೆ ಮುಖ, ಕೆಂಪು ಸಿಟ್ಟಿನ ಮುಖ. 'ಇವತ್ತು ಹೇಗಿತ್ತು?' ಎಂಬ ಪ್ರಶ್ನೆಗೆ ಮನೆಗೆ ಹೋಗುವಾಗ ಒಂದನ್ನು ಒತ್ತಿ ಹೋಗಬೇಕು. ಹೆಸರಿಲ್ಲ, ಟೋಕನ್ ನಂಬರಿಲ್ಲ. ಜೊತೆಗೊಂದು ಆ್ಯಪ್; ರಜೆ, ಪೇ ಸ್ಲಿಪ್, ದೂರು ಎಲ್ಲ ಅದರಲ್ಲೇ. ಆಗ ಯಾವ ಎಚ್.ಆರ್. ಸಮ್ಮೇಳನಕ್ಕೆ ಹೋದರೂ ಇದೇ ಮಾತು: ವರ್ಷಕ್ಕೊಂದು ಸರ್ವೆ ಸಾಲದು, ಜನರ ನಾಡಿಯನ್ನು ದಿನಾ ಹಿಡಿದು ನೋಡಬೇಕು. ಹೋಟೆಲಿನ ಎಸಿಯಲ್ಲಿ ಕೂತು ಕೇಳಿದರೆ ಯಾವ ಮಾತೂ ನಿಜವೆನಿಸುತ್ತದೆ.

ವಾರವಾರ ಬರುತ್ತಿದ್ದ ಗ್ರಾಫ್ ಹೆಚ್ಚುಕಡಿಮೆ ಪೂರ್ತಿ ಹಸಿರು. ಕಲರ್ ಪ್ರಿಂಟ್ ತೆಗೆಸಿ ಕ್ಯಾಬಿನ್ನಿನ ಗಾಜಿಗೆ ಅಂಟಿಸಿದೆ. ಮ್ಯಾನೇಜ್‌ಮೆಂಟ್ ಮೀಟಿಂಗಿನಲ್ಲಿ ಅದನ್ನೇ ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿ, 'ನಮ್ಮ ಜನ ಖುಷಿಯಾಗಿದ್ದಾರೆ' ಎಂದೆ. ಕಟಿಂಗ್ ಟೇಬಲ್ಲಿನಿಂದ ಮೇಲೆ ಬಂದಿದ್ದ ಪ್ರೊಡಕ್ಷನ್ ಮ್ಯಾನೇಜರ್ ತಲೆ ಎತ್ತದೆಯೇ ಕೇಳಿದರು: 'ಹಾಗಾದ್ರೆ ನಾಲ್ಕನೇ ಲೈನಲ್ಲಿ ಇಷ್ಟೊಂದು ಮಷೀನು ಯಾಕೆ ಖಾಲಿ ಕೂತಿವೆ ಸಾರ್? ಖುಷಿ ಜಾಸ್ತಿಯಾಗಿ ಬಿಟ್ಟು ಹೋದ್ರಾ?' ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದೆ ಪರದೆಯ ತುಂಬ ಹಸಿರು ಮುಖ ಹಲ್ಲುಕಿರಿಯುತ್ತಿತ್ತು.

ಅವತ್ತು ಸಂಜೆ ಗೇಟಿನ ಹತ್ತಿರ ನಿಂತು ನೋಡಿದೆ. ಬೆಲ್ ಆದದ್ದೇ ತಡ, ಬಸ್ಸಿನಲ್ಲಿ ಸೀಟು ಹಿಡಿಯುವ ಓಟ. ಪಂಚಿಂಗಿಗೆ ಬೆರಳು ಕೊಟ್ಟ ಕೈ ಹಾಗೇ ಪಕ್ಕಕ್ಕೆ ಸರಿದು ಹತ್ತಿರದ ಗುಂಡಿ ತಟ್ಟುತ್ತಿತ್ತು. ಹತ್ತಿರದ್ದು ಹಸಿರು. ಪಕ್ಕದಲ್ಲೇ ಸೂಪರ್‌ವೈಸರ್ ನಿಂತು 'ಒತ್ತಿ, ಬೇಗ ಒತ್ತಿ' ಎನ್ನುತ್ತಿದ್ದ. ಅವನೆದುರು ಕೆಂಪು ಒತ್ತುವವರು ಯಾರು? ಇನ್ನು ಅಲ್ಲಿ ಇಲ್ಲಿ ಬೀಳುತ್ತಿದ್ದ ಕೆಂಪಿನ ಗುಟ್ಟೂ ತಿಳಿಯಿತು. ಕ್ರೆಶ್‌ನಿಂದ ಎತ್ತಿಕೊಂಡು ಬಂದ ಮಗುವೊಂದು ತಾಯಿಯ ಸೊಂಟದ ಮೇಲಿಂದಲೇ ಬಾಗಿ ಕೆಂಪು ಗುಂಡಿಯನ್ನು ಪಟಪಟ ಬಡಿದು ಕೇಕೆ ಹಾಕಿತು. ಆ ಕೆಂಪಿನ ಬಗ್ಗೆ ನಾನು 'ವಾರದ ನಡುವಿನ ಅಸಮಾಧಾನ' ಎಂಬ ತಲೆಬರಹ ಕೊಟ್ಟು ಒಂದು ಪುಟ ವಿಶ್ಲೇಷಣೆ ಬರೆದು ಮೇಲಿನವರಿಗೆ ಕಳಿಸಿದ್ದೆ.

ಇಷ್ಟೇ ಆಗಿದ್ದರೆ ನಗೆಪಾಟಲು ಅಂತ ಬಿಡಬಹುದಿತ್ತು. ಬಿಟ್ಟು ಹೋದವರಲ್ಲಿ ಕಾಲರ್ ಕೂಡಿಸುವುದರಲ್ಲಿ ಕೈ ಪಳಗಿದ ಹಿರಿಯ ಟೈಲರ್ ಒಬ್ಬರಿದ್ದರು. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದಾಗ, ಪದ್ಧತಿಯಂತೆ ಅವರ ಮುಂದೆ ಎಕ್ಸಿಟ್ ಫಾರಂ ಇಟ್ಟು, 'ಇಲ್ಲಿನ ಅನುಭವಕ್ಕೆ ಎಷ್ಟು ಸ್ಟಾರ್ ಕೊಡ್ತೀರಮ್ಮ?' ಎಂದೆ. 'ಅದಿರ್ಲಿ ಸಾರ್, ನನ್ನ ಫಾರಂ ಎಲ್ಲಿ?' ಎಂದರು.

ಯಾವ ಫಾರಂ ಎಂದು ನೆನಪಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಧಾರಿನಲ್ಲಿ ಅವರ ಹೆಸರಿನ ಕೊನೆಗೆ 'ಅಮ್ಮ' ಇತ್ತು, ಪಿಎಫ್ ಖಾತೆಯಲ್ಲಿ ಇರಲಿಲ್ಲ. ಏಳು ವರ್ಷ ಸರ್ವಿಸ್ ಆದವರು ಮಗಳ ಮದುವೆಗೆಂದು ತಮ್ಮ ಪಾಲಿನ ಅರ್ಧದವರೆಗೆ ತೆಗೆಯಬಹುದಿತ್ತು. ಆದರೆ ಹೆಸರು ಹೊಂದದಿದ್ದರೆ ಕ್ಲೇಮ್ ವಾಪಸ್. ತಿದ್ದುಪಡಿಗೆ ಕಾರ್ಮಿಕರ ಜೊತೆ ಕಂಪನಿಯ ಸಹಿಯೂ ಇರುವ ಜಂಟಿ ಘೋಷಣೆ ಬೇಕಿತ್ತು. ಮೊದಲ ಸಲ ಬಂದಾಗ 'ಆ್ಯಪ್‌ನಲ್ಲಿ ಹಾಕಿಬಿಡಿ' ಎಂದು ಕಳಿಸಿದ್ದೆ. ಅವರ ಕೈಯಲ್ಲಿದ್ದದ್ದು ಬಟನ್ ಫೋನು. ಮತ್ತೆ ಬಂದಾಗ ಫಾರಂ ಇಸಿದುಕೊಂಡು 'ನೋಡ್ತೀನಿ' ಎಂದಿದ್ದೆ. ಅದು ಗ್ರಾಫುಗಳ ಫೈಲಿನೊಳಗೆ ಸಿಕ್ಕಿತು. ಸೂಜಿ ಮುರಿದರೆ ಅದರ ಚೂರನ್ನೆಲ್ಲ ಹುಡುಕಿ ರಿಜಿಸ್ಟರಿಗೆ ಅಂಟಿಸಿದ ಮೇಲೇ ಹೊಸ ಸೂಜಿ ಕೊಡುವ ಫ್ಯಾಕ್ಟರಿ ನಮ್ಮದು.

ಪಿಎಫ್ ಎಂದರೆ ಈ ಹೆಂಗಸರಿಗೆ ಏನೆಂದು ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ ಕೆಲಸಗಾರ್ತಿಯರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದಿದ್ದರು. ಏಪ್ರಿಲ್ 19ರಂದು ಸರ್ಕಾರ ಆ ನಿಯಮವನ್ನೇ ಕೈಬಿಟ್ಟಿತು. ಅಂಥ ಜನರ ಮನಸ್ಸು ತಿಳಿಯಲು ನಾನು ಮೂರು ಗುಂಡಿ ಇಟ್ಟಿದ್ದೆ.

ಫಾರಂಗೆ ಸಹಿ ಹಾಕಿಸಿ, ಆ ಹಿರಿಯ ಟೈಲರ್ ಹೊಸದಾಗಿ ಸೇರಿದ್ದ ಕಡೆ ಹೋಗಿ ಗೇಟಿನಲ್ಲಿ ಕೊಟ್ಟೆ. 'ಮದುವೆ ಆಯ್ತು ಸಾರ್. ಬಡ್ಡಿಗೆ ತಂದು ಮಾಡಿದ್ವಿ' ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಈ ಸರ್ವೆಗಳ ಹಿಂದಿನ ಹಳೆಯ ಬರಹಗಳನ್ನೆಲ್ಲ ಹುಡುಕಿ ಓದಿದೆ. ಕೆಲಸಗಾರರು ಮನಸ್ಸಿಟ್ಟು ಕೆಲಸದಲ್ಲಿ ತೊಡಗುವುದಕ್ಕೆ ಎಚ್.ಆರ್. ಭಾಷೆಯಲ್ಲಿ ಎಂಗೇಜ್‌ಮೆಂಟ್ ಎನ್ನುತ್ತಾರೆ; ಆ ವಿಚಾರಕ್ಕೆ 1990ರಲ್ಲಿ ಬುನಾದಿ ಹಾಕಿದ ವಿಲಿಯಂ ಕಾನ್, ಒಂದು ಬೇಸಿಗೆ ಶಿಬಿರದ ಮತ್ತು ಒಂದು ವಾಸ್ತುಶಿಲ್ಪ ಕಚೇರಿಯ ಕೆಲಸಗಾರರನ್ನು ಕೂರಿಸಿ ಮಾತಾಡಿಸಿಯೇ ಬರೆದವರು. ಬಾಯಿ ಬಿಟ್ಟರೆ ತನಗೇನೂ ಆಗದು ಎಂಬ ಧೈರ್ಯವಿದ್ದ ಕಡೆ ಮನುಷ್ಯ ಕೆಲಸಕ್ಕೆ ತನ್ನನ್ನು ಕೊಟ್ಟುಕೊಳ್ಳುತ್ತಾನೆ ಎಂಬುದು ಅವರು ಕಂಡದ್ದರಲ್ಲಿ ಒಂದು. ಅದೇ ಹೆಸರು ಹೇಳಿಕೊಂಡು ನಾವು ಗೇಟಿನಲ್ಲಿ ಸೂಪರ್‌ವೈಸರನನ್ನು ನಿಲ್ಲಿಸಿದ್ದೆವು. ಸರ್ವೆ ಬೇಡವೆಂದು ಈಗಲೂ ಅನ್ನುವುದಿಲ್ಲ. ಕೇಳಿದ ಮೇಲೆ ಏನಾದರೂ ಮಾಡುವ ಉದ್ದೇಶವಿದ್ದರೆ ಕೇಳಬಹುದು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಕುರ್ಚಿ ಹಾಕಿ, ಒಂದು ಲಾಂಗ್ ಬುಕ್ ಇಟ್ಟುಕೊಂಡು ಕೂರಲು ಶುರು ಮಾಡಿದೆ. ಬಹಳ ದಿನ ಯಾರೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ಒಬ್ಬ ಹೆಲ್ಪರ್ ಹುಡುಗಿ ತಟ್ಟೆ ಹಿಡಿದೇ ಬಂದು ನಿಂತಳು. 'ಸಾರ್, ಬೇಜಾರ್ ಮಾಡ್ಕೋಬೇಡಿ. ನೀವು ಇಲ್ಲಿ ಕೂತ್ರೆ ನಮಗೆ ಮಾತಾಡ್ಕೊಂಡು ಊಟ ಮಾಡೋಕಾಗಲ್ಲ.' ಕುರ್ಚಿಯನ್ನು ಟೀ ಕೌಂಟರಿನ ಆಚೆಗೆ ಒಯ್ದು, ಪುಸ್ತಕದ ಮೊದಲ ಸಾಲಿನಲ್ಲಿ ಅದೇ ದೂರು ಬರೆದುಕೊಂಡೆ.